ಕ್ಯಾನಿನೊಳಗಿನ ಪೆಟ್ರೋಲು, ಕ್ಯಾನಿನಾಚೆಯ ಆವಿ

ತೋಟದವರು: ಮನೆಯಲ್ಲಿ ಪೆಟ್ರೋಲ್ ಇಡಲೇಬಾರದು ಅಂತ ಕೆಲವರು ಹೇಳುತ್ತಾರೆ. ಆದರೆ ವೀಡ್ ಕಟರ್‌ಗೆ ಬೇಕು, ಮರ ಕೊಯ್ಯುವ ಗರಗಸಕ್ಕೆ ಬೇಕು, ಮಳೆಗಾಲದಲ್ಲಿ ಕರೆಂಟು ಹೋದರೆ ಜನರೇಟರಿಗೂ ಬೇಕು. ಬಂಕು ದೂರ ಇರುವ ಮಲೆನಾಡಿನ ಊರುಗಳಲ್ಲಿ ಇಡದೆ ಹೇಗೆ ಸರ್?

ಅಗ್ನಿಶಾಮಕದವರು: ಇಡಲೇಬಾರದು ಅಂತ ಕಾನೂನೂ ಹೇಳುವುದಿಲ್ಲ. ಎಷ್ಟು, ಯಾವುದರಲ್ಲಿ, ಎಲ್ಲಿ ಅನ್ನುವುದಷ್ಟೇ ಪ್ರಶ್ನೆ. ಆದರೆ ಅದಕ್ಕಿಂತ ಮೊದಲು ಪೆಟ್ರೋಲಿನ ಸ್ವಭಾವ ತಿಳಿದಿರಬೇಕು. ಸ್ವಭಾವ ತಿಳಿದರೆ ನಿಯಮಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ, ತಾವಾಗಿಯೇ ಹೊಳೆಯುತ್ತವೆ.

ತೋಟದವರು: ಸ್ವಭಾವ ಅಂದರೆ ಬೇಗ ಹೊತ್ತಿಕೊಳ್ಳುತ್ತದೆ ಅನ್ನುವುದು ತಾನೆ? ಅದು ಎಲ್ಲರಿಗೂ ಗೊತ್ತು.

ಅಗ್ನಿಶಾಮಕದವರು: ಗೊತ್ತಿರುವುದು ಅರ್ಧ ಮಾತ್ರ. ಹೊತ್ತಿಕೊಳ್ಳುವುದು ಕ್ಯಾನಿನಲ್ಲಿರುವ ದ್ರವವಲ್ಲ, ಅದರ ಮೇಲಿನಿಂದ ಏಳುವ ಆವಿ. ಒಂದು ಇಂಧನದಿಂದ ಬೆಂಕಿ ಹಿಡಿಯುವಷ್ಟು ಆವಿ ಏಳಲು ಬೇಕಾದ ಕನಿಷ್ಠ ಉಷ್ಣಾಂಶಕ್ಕೆ ಫ್ಲ್ಯಾಶ್ ಪಾಯಿಂಟ್ ಅನ್ನುತ್ತಾರೆ. ಡೀಸೆಲ್ಲಿಗೂ ಸೀಮೆಎಣ್ಣೆಗೂ ಅದು ಕಡಿಮೆಯೆಂದರೂ 35 ಡಿಗ್ರಿ ಇರಬೇಕು ಎಂದು ನಮ್ಮ ದೇಶದ ಮಾನದಂಡ ಹೇಳುತ್ತದೆ. ಪೆಟ್ರೋಲಿನದು ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೆ. ಎಂದರೆ ಆಗುಂಬೆಯ ಜಡಿಮಳೆಯಲ್ಲಾಗಲಿ, ಕೊಡಗಿನ ಡಿಸೆಂಬರ್ ಚಳಿಯಲ್ಲಾಗಲಿ, ಮುಚ್ಚಳ ತೆಗೆದ ಪೆಟ್ರೋಲು ಕಿಡಿಗಾಗಿ ಕಾದೇ ಇರುತ್ತದೆ. ತಂಪಾದ ಜಾಗದಲ್ಲಿದೆ, ಪರವಾಗಿಲ್ಲ ಅನ್ನುವ ಸಮಾಧಾನ ಡೀಸೆಲ್ಲಿನ ಮಟ್ಟಿಗೆ ಸ್ವಲ್ಪ ನಡೆಯಬಹುದು, ಪೆಟ್ರೋಲಿನ ಹತ್ತಿರ ನಡೆಯುವುದಿಲ್ಲ.

ಆವಿಯ ಎರಡನೆಯ ಗುಣ ಭಾರ. ಅದು ಗಾಳಿಗಿಂತ ಮೂರರಿಂದ ನಾಲ್ಕು ಪಟ್ಟು ತೂಕದ್ದು. ಹೊಗೆಯ ಹಾಗೆ ಮೇಲೇರಿ ಹಂಚಿನ ಸಂದಿಯಿಂದ ಹೊರಗೆ ಹೋಗುವುದಿಲ್ಲ. ನೆಲದ ಮೇಲೆ ಹರಡುತ್ತದೆ, ಮೆಟ್ಟಿಲಿಳಿಯುತ್ತದೆ, ಬಾಗಿಲ ಕೆಳಗಿನ ಸಂದಿಯಲ್ಲಿ ನುಸುಳುತ್ತದೆ, ಗುಂಡಿಯಲ್ಲೂ ಚರಂಡಿಯಲ್ಲೂ ನಿಲ್ಲುತ್ತದೆ. ಅದು ಕಣ್ಣಿಗೂ ಕಾಣಿಸುವುದಿಲ್ಲ. ಮಲೆನಾಡಿನ ಮನೆಗಳಲ್ಲಿ ಬಚ್ಚಲು ಒಲೆ ದಿನವಿಡೀ ಹೊಗೆಯಾಡುತ್ತಿರುತ್ತದೆ. ಬಚ್ಚಲಿನ ಹಿಂದಿನ ಶೆಡ್ಡಿನಲ್ಲಿ ಯಾರೋ ಯಂತ್ರಕ್ಕೆ ಪೆಟ್ರೋಲ್ ಸುರಿಯುವಾಗ ಒಂದಿಷ್ಟು ಚೆಲ್ಲಿತು ಅನ್ನಿ. ಒಲೆ ಗೋಡೆಯ ಆಚೆ ಇದೆ. ಆವಿ ನೆಲ ಹಿಡಿದು ಸರಿಯುತ್ತಾ ಒಲೆಯ ಬಾಯಿಗೆ ಮುಟ್ಟಿದ ಕ್ಷಣವೇ ಬೆಂಕಿ ಬಂದ ದಾರಿಯಲ್ಲೇ ಹಿಂದಕ್ಕೆ ಓಡುತ್ತದೆ, ನೇರ ಕ್ಯಾನಿನ ತನಕ. ಸುರಿಯುತ್ತಿದ್ದವರು ಕಡ್ಡಿ ಗೀರಿರುವುದಿಲ್ಲ, ಬೀಡಿ ಹಚ್ಚಿರುವುದಿಲ್ಲ. ಬೆಂಕಿ ಎಲ್ಲಿಂದ ಬಂತು ಅಂತಲೇ ಅವರಿಗೆ ತಿಳಿದಿರುವುದಿಲ್ಲ.

ತೋಟದವರು: ಹಾಗಾದರೆ ಎಷ್ಟು ಆವಿ ಸೇರಿದರೆ ಅಪಾಯ?

ಅಗ್ನಿಶಾಮಕದವರು: ಗಾಳಿಯಲ್ಲಿ ನೂರಕ್ಕೆ ಸುಮಾರು 1.4 ಪಾಲು ಆವಿ ಬೆರೆತರೆ ಹೊತ್ತಲು ಸಾಕು, ಸುಮಾರು 7.6 ಪಾಲು ದಾಟಿದರೆ ಗಾಳಿ ಸಾಲದೆ ಹೊತ್ತುವುದಿಲ್ಲ. ಇದನ್ನು ಒಂದು ಕೋಣೆಯ ಲೆಕ್ಕದಲ್ಲಿ ನೋಡಬಹುದು. ಒಂದು ಲೀಟರ್ ಪೆಟ್ರೋಲು ಪೂರ್ತಿ ಆವಿಯಾದರೆ ಸುಮಾರು 180 ಲೀಟರ್ ಆವಿಯಾಗುತ್ತದೆ. ಅಷ್ಟು ಆವಿ ಹನ್ನೆರಡು ಸಾವಿರ ಲೀಟರಿಗೂ ಹೆಚ್ಚು ಗಾಳಿಯನ್ನು ಹೊತ್ತುವ ಸ್ಥಿತಿಗೆ ತರಬಲ್ಲದು. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿ ಇರುವುದು ಇಪ್ಪತ್ತೆಂಟು ಸಾವಿರ ಲೀಟರ್ ಗಾಳಿ. ಲೆಕ್ಕಕ್ಕೆ ಎರಡು ಲೀಟರಿನ ಮೇಲೆ ಬೇಕು ಅನ್ನಿಸುತ್ತದೆ. ಆದರೆ ಆವಿ ಕೋಣೆಯ ತುಂಬ ಸಮನಾಗಿ ಹರಡುವುದಿಲ್ಲವಲ್ಲ, ನೆಲದಿಂದ ಮೊಣಕಾಲೆತ್ತರದ ತನಕ ಮಡುಗಟ್ಟುತ್ತದೆ. ಹಾಗಾಗಿ ಮುಚ್ಚಿದ ಕೋಣೆಯಲ್ಲಿ ಅರ್ಧ ಲೀಟರ್ ಚೆಲ್ಲಿದರೂ ಸಾಕು.

ಇನ್ನೊಂದು ಲೆಕ್ಕವೂ ಇದೆ. ಅಡುಗೆ ಅನಿಲದ 14.2 ಕಿಲೋ ತುಂಬಿದ ಸಿಲಿಂಡರಿನಲ್ಲಿ ಎಷ್ಟು ಶಾಖ ಅಡಗಿದೆಯೋ ಹೆಚ್ಚು ಕಡಿಮೆ ಅಷ್ಟೇ ಶಾಖ 20 ಲೀಟರ್ ಪೆಟ್ರೋಲಿನಲ್ಲಿದೆ. ಸಿಲಿಂಡರನ್ನು ದಪ್ಪ ಉಕ್ಕಿನಲ್ಲಿ ಮಾಡಿ, ವಾಲ್ವ್ ಕೂರಿಸಿ, ಕಾಲಕಾಲಕ್ಕೆ ಪರೀಕ್ಷೆ ಮಾಡಿ ಮನೆಗೆ ಕಳಿಸುತ್ತಾರೆ. ಪೆಟ್ರೋಲನ್ನು ಜನ ಎಣ್ಣೆಯ ಹಳೆಯ ಕ್ಯಾನಿನಲ್ಲಿ ತುಂಬಿ, ಬಾಯಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ ಮೂಲೆಯಲ್ಲಿ ಇಡುತ್ತಾರೆ.

ತೋಟದವರು: ಕಾನೂನಿನ ಮಾತು ಬಂತಲ್ಲ. ಲೈಸೆನ್ಸ್ ಇಲ್ಲದೆ ಎಷ್ಟು ಇಡಬಹುದು?

ಅಗ್ನಿಶಾಮಕದವರು: 1934ರ ಪೆಟ್ರೋಲಿಯಂ ಕಾಯ್ದೆಯೇ ಇಂದಿಗೂ ಆಧಾರ, ಅದರಡಿ 2002ರಲ್ಲಿ ಬಂದ ನಿಯಮಾವಳಿಯನ್ನು ನಾಗ್ಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಸೋ, ಅಂದರೆ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ ನೋಡಿಕೊಳ್ಳುತ್ತದೆ. ಫ್ಲ್ಯಾಶ್ ಪಾಯಿಂಟ್ 23 ಡಿಗ್ರಿಗಿಂತ ಕೆಳಗಿರುವುದೆಲ್ಲ ‘ಎ’ ವರ್ಗ, ಅಂದರೆ ಅತಿ ಅಪಾಯದ್ದು. ಪೆಟ್ರೋಲು ಆ ವರ್ಗಕ್ಕೆ ಸೇರಿದೆ. ಮಾರಾಟಕ್ಕಲ್ಲದೆ ಸ್ವಂತ ಬಳಕೆಗಾದರೆ ಒಬ್ಬರ ಬಳಿ ಒಟ್ಟು 30 ಲೀಟರ್ ತನಕ ಲೈಸೆನ್ಸ್ ಬೇಡ. ವಾಹನದ ಟ್ಯಾಂಕಿನಲ್ಲಿ ಇರುವುದಕ್ಕೆ ಬೇರೆ ವಿನಾಯಿತಿ ಇದೆ.

ಕಾಯ್ದೆಯ ಅದೇ ಕಲಮು ಪಾತ್ರೆಯ ವಿಷಯವನ್ನೂ ಹೇಳುತ್ತದೆ, ಇದು ಬಹಳ ಜನರಿಗೆ ತಿಳಿಯದು. ಗಾಜು, ಪಿಂಗಾಣಿ ಮಣ್ಣು ಅಥವಾ ಲೋಹದ ಪಾತ್ರೆಯೇ ಆಗಬೇಕು, ಬಿರಟೆ ಬಿಗಿಯಾಗಿರಬೇಕು. ಗಾಜು, ಪಿಂಗಾಣಿಯಾದರೆ ಒಂದು ಲೀಟರ್ ಮೀರಬಾರದು, ಲೋಹವಾದರೆ 25 ಲೀಟರ್ ಮೀರಬಾರದು. ಪ್ಲಾಸ್ಟಿಕ್ಕಿನ ಹೆಸರೇ ಆ ಪಟ್ಟಿಯಲ್ಲಿಲ್ಲ. ಬ್ರಿಟನ್ನಿನಲ್ಲೂ ಮನೆಯ ಮಿತಿ 30 ಲೀಟರೇ. ಅಲ್ಲಿ ಪೆಟ್ರೋಲಿಗೆಂದೇ ಮಾಡಿದ ಪ್ಲಾಸ್ಟಿಕ್ ಕ್ಯಾನಿಗೆ 10 ಲೀಟರ್ ತನಕ, ಲೋಹದ ಕ್ಯಾನಿಗೆ 20 ಲೀಟರ್ ತನಕ ಅವಕಾಶವಿದೆ. ಅದಕ್ಕೆಂದೇ ಮಾಡಿದ ಪ್ಲಾಸ್ಟಿಕ್ ಬೇರೆ, ಅಡುಗೆ ಎಣ್ಣೆ ಬಂದ ಕ್ಯಾನು ಬೇರೆ.

ತೋಟದವರು: ಅಂದರೆ ನಿಶ್ಚಿಂತೆಯಿಂದ 30 ಲೀಟರ್ ಇಡಬಹುದು.

ಅಗ್ನಿಶಾಮಕದವರು: 30 ಲೀಟರ್ ಅನ್ನುವುದು ಕಾನೂನಿನ ಗೆರೆ, ಕ್ಷೇಮದ ಗೆರೆಯಲ್ಲ. ವೀಡ್ ಕಟರ್ ಇರುವ ತೋಟಕ್ಕೆ ಒಂದೆರಡು ವಾರದ ಕೆಲಸಕ್ಕೆ ಐದು ಲೀಟರ್ ಧಾರಾಳ. ಜನರೇಟರ್ ಇದ್ದರೆ ಹತ್ತು. ಅದಕ್ಕಿಂತ ಹೆಚ್ಚು ಕೂಡಿಡುವವರು ಬೆಲೆ ಏರುತ್ತದೆ ಅಂತಲೋ ಬಂಕಿಗೆ ಹೋಗಲು ಬೇಸರ ಅಂತಲೋ ಇಡುತ್ತಾರೆ. ಉಳಿಯುವ ದುಡ್ಡು ತೀರ ಅಲ್ಪ, ಮನೆಗೆ ತಂದುಕೊಳ್ಳುವ ಅಪಾಯ ದೊಡ್ಡದು. ಪೇಟೆಯ ಅಪಾರ್ಟ್‌ಮೆಂಟುಗಳಲ್ಲಿ ಇರುವವರಿಗಂತೂ ವಾಹನದ ಟ್ಯಾಂಕಿನ ಹೊರಗೆ ಒಂದು ಲೀಟರ್ ಇಡಲೂ ಕಾರಣವಿಲ್ಲ. ಅಲ್ಲಿ ಒಬ್ಬರ ಬಾಲ್ಕನಿಯ ಬೆಂಕಿ ಮೇಲಿನ ಮನೆಯವರ ಬೆಂಕಿಯೂ ಆಗುತ್ತದೆ.

ತೋಟದವರು: ನೀರಿನ ಬಾಟಲಿಯಲ್ಲಿ ಒಂದು ಲೀಟರ್ ತಂದು ಆವತ್ತೇ ಖರ್ಚು ಮಾಡಿದರೂ ತಪ್ಪೇ?

ಅಗ್ನಿಶಾಮಕದವರು: ತಪ್ಪೇ. ಕುಡಿಯುವ ನೀರಿನ ಬಾಟಲಿಯ ಬಿರಟೆ ಆವಿಯ ಒತ್ತಡ ತಡೆಯಲೆಂದು ಮಾಡಿದ್ದಲ್ಲ. ಬಿಸಿಲಿಗೆ ಬಾಟಲಿ ಉಬ್ಬುತ್ತದೆ, ಸ್ವಲ್ಪ ಓರೆಯಾದರೂ ಜಿನುಗುತ್ತದೆ. ಬೈಕಿನ ಹ್ಯಾಂಡಲಿಗೆ ತೂಗುಹಾಕಿ ತರುವಾಗ ಬಿದ್ದರೆ ಇಂಜಿನಿನ ಮೇಲೇ ಬೀಳುತ್ತದೆ. ಮನೆಯಲ್ಲಿ ಅದು ನೀರಿನ ಬಾಟಲಿಯ ಹಾಗೇ ಕಾಣುತ್ತದೆ. ಬಾಯಾರಿ ಬಂದ ಮಗುವಿಗೆ, ಕತ್ತಲಲ್ಲಿ ಕೈಯಾಡಿಸುವ ಅಜ್ಜನಿಗೆ ವ್ಯತ್ಯಾಸ ಹೇಗೆ ಗೊತ್ತಾಗಬೇಕು? ಎಣ್ಣೆಯ ಪ್ಲಾಸ್ಟಿಕ್ ಕ್ಯಾನಾದರೆ ಪೆಟ್ರೋಲು ಅದರ ಗೋಡೆಯನ್ನೇ ನಿಧಾನ ಉಬ್ಬಿಸಿ, ಗೋಡೆಯ ಮೂಲಕವೇ ಆವಿಯಾಗಿ ಹೊರಬರುತ್ತದೆ. ಬಿಗಿಯಾಗಿ ಮುಚ್ಚಿಟ್ಟ ಕ್ಯಾನಿನ ಸುತ್ತ ವಾಸನೆ ಬರುವುದು ಅದಕ್ಕೆ. ಹತ್ತಿರ ಬೆಂಕಿ ಬಿದ್ದರೆ ಲೋಹದ ಕ್ಯಾನು ಸ್ವಲ್ಪ ಹೊತ್ತಾದರೂ ತಾಳುತ್ತದೆ. ತೆಳು ಪ್ಲಾಸ್ಟಿಕ್ಕು ಕರಗಿ ಒಳಗಿದ್ದದ್ದನ್ನೆಲ್ಲ ಒಂದೇ ಸಲಕ್ಕೆ ಬೆಂಕಿಗೆ ಸುರಿಯುತ್ತದೆ. ಊರ ಅಂಗಡಿಗಳಲ್ಲಿ ಬಾಟಲಿ ತುಂಬಿಸಿ ಸಾಲಾಗಿ ಇಟ್ಟು ಮಾರುವುದಕ್ಕಂತೂ 30 ಲೀಟರಿನ ವಿನಾಯಿತಿ ಅನ್ವಯಿಸುವುದೇ ಇಲ್ಲ. ಮಾರಾಟಕ್ಕೆ ಲೈಸೆನ್ಸ್ ಬೇಕೇ ಬೇಕು.

ತೋಟದವರು: ಹಾಗಾದರೆ ಒಳ್ಳೆಯ ಕ್ಯಾನು ಅಂದರೆ ಹೇಗಿರಬೇಕು?

ಅಗ್ನಿಶಾಮಕದವರು: ಜೆರ್ರಿ ಕ್ಯಾನ್ ಅಂತ ಸಿಗುತ್ತದಲ್ಲ, ಚಪ್ಪಟೆಯ ಉಕ್ಕಿನದು, ಅದನ್ನು ಹತ್ತಿರದಿಂದ ನೋಡಬೇಕು. 1930ರ ದಶಕದಲ್ಲಿ ಜರ್ಮನಿಯ ಸೈನ್ಯಕ್ಕಾಗಿ ಹುಟ್ಟಿದ ವಿನ್ಯಾಸ ಅದು, ಯುದ್ಧದಲ್ಲಿ ಎದುರಾಳಿಗಳೂ ಅದನ್ನೇ ನಕಲು ಮಾಡಿದರು. ಮೇಲೆ ಮೂರು ಹಿಡಿಗಳಿರುತ್ತವೆ: ಒಬ್ಬರೇ ಹೊರುವಾಗ ನಡುವಿನದು, ಇಬ್ಬರು ಹೊರುವಾಗ ಅಕ್ಕಪಕ್ಕದವು. ಬೆಸುಗೆಯ ಅಂಚು ಒಳಕ್ಕೆ ತಗ್ಗಿರುತ್ತದೆ, ಹಾಗಾಗಿ ಕ್ಯಾನು ಉರುಳಿದರೂ ಪೆಟ್ಟು ಅಂಚಿಗೆ ತಾಗದು. ಪಕ್ಕಗಳಲ್ಲಿ ಒತ್ತಿದ ಅಚ್ಚುಗಳಿವೆ, ಬಿಸಿಗೆ ಉಬ್ಬಿ ತಂಪಿಗೆ ಕುಗ್ಗಲು ಅವು ಎಡೆ ಕೊಡುತ್ತವೆ. ಹಿಡಿಗಳ ಬುಡದಲ್ಲಿ ಒಂದಿಷ್ಟು ಗಾಳಿಯ ಜಾಗ ಸದಾ ಉಳಿಯುವಂತೆ ಬಾಯಿಯನ್ನು ಕೂರಿಸಿದ್ದಾರೆ. ಮುಚ್ಚಳ ತಿರುಪಿನದಲ್ಲ, ಸನ್ನೆಕೋಲಿನ ಹಾಗೆ ಒತ್ತಿ ಕೂರುವಂಥದ್ದು, ಕಳೆದುಹೋಗುವುದಿಲ್ಲ. ಹೀಗೆ ಪೆಟ್ರೋಲಿನ ಒಂದೊಂದು ಸ್ವಭಾವಕ್ಕೂ ಉತ್ತರ ಕೊಡುವ ಪಾತ್ರೆ ಅದು.

ಜೆರ್ರಿ ಕ್ಯಾನೇ ಬೇಕೆಂದಿಲ್ಲ. ಐದು ಲೀಟರಿನ ಗಟ್ಟಿ ಲೋಹದ ಕ್ಯಾನು, ರಬ್ಬರ್ ವಾಷರ್ ಸರಿಯಿರುವ ಮುಚ್ಚಳ, ಸುರಿಯಲು ಕೊಳವೆಯ ಮೂತಿ ಇದ್ದರೆ ಸಾಕು. ಕೆಂಪು ಬಣ್ಣ ಬಳಿದು ಬಿಳಿಯಲ್ಲಿ ‘ಪೆಟ್ರೋಲ್’ ಎಂದು ಕನ್ನಡದಲ್ಲೇ ದೊಡ್ಡದಾಗಿ ಬರೆಯಬೇಕು, ಕೆಲಸಕ್ಕೆ ಬರುವವರೂ ಓದುವಂತಿರಬೇಕು. ಟೂ-ಟಿ ಆಯಿಲ್ ಬೆರೆಸಿದ್ದನ್ನು ಬೇರೆ ಕ್ಯಾನಿನಲ್ಲಿಟ್ಟು ಅದಕ್ಕೂ ಗುರುತು ಹಾಕಬೇಕು. ತುಕ್ಕು ಕಂಡರೆ, ಅಂಚಿನಲ್ಲಿ ತೇವ ಕಂಡರೆ ಆ ಕ್ಯಾನಿನ ಆಯುಷ್ಯ ಮುಗಿಯಿತು ಅಂತಲೇ ಅರ್ಥ. ಎಂ-ಸೀಲ್ ಮೆತ್ತಿ ಇನ್ನೊಂದು ವರ್ಷ ನೂಕುವುದು ಬೇಡ.

ತೋಟದವರು: ಬಂಕಿನಲ್ಲಿ ತುಂಬಿಸಿಕೊಳ್ಳುವಾಗ ಏನಾದರೂ ನೋಡಿಕೊಳ್ಳಬೇಕೆ? ಅಲ್ಲಿನ ಹುಡುಗರೇ ಹಾಕಿಕೊಡುತ್ತಾರಲ್ಲ.

ಅಗ್ನಿಶಾಮಕದವರು: ಕೊಳವೆಯಲ್ಲಿ ವೇಗವಾಗಿ ಹರಿಯುವ ಪೆಟ್ರೋಲಿನಲ್ಲಿ ಸ್ಥಿರ ವಿದ್ಯುತ್ತು ಹುಟ್ಟುತ್ತದೆ. ಕ್ಯಾನು ನೆಲದ ಮೇಲಿದ್ದರೆ ಅದು ನೆಲಕ್ಕೆ ಇಳಿದುಹೋಗುತ್ತದೆ. ಬೈಕಿನ ಸೀಟಿನ ಮೇಲೋ, ಕಾರಿನ ಡಿಕ್ಕಿಯ ಕಾರ್ಪೆಟ್ಟಿನ ಮೇಲೋ, ಪಿಕಪ್ಪಿನ ಪ್ಲಾಸ್ಟಿಕ್ ಹಾಸಿನ ಮೇಲೋ ಇದ್ದರೆ ಇಳಿಯಲು ದಾರಿಯಿಲ್ಲ. ತುಂಬಿದ ಮೇಲೆ ನಾಜಲ್ ಬಾಯಿಂದ ದೂರ ಸರಿಯುವಾಗ ಸಣ್ಣ ಕಿಡಿ ಹಾರುತ್ತದೆ, ಹಾರುವ ಜಾಗದಲ್ಲೇ ಆವಿ ಅತಿ ದಟ್ಟ. ಆದ್ದರಿಂದ ಕ್ಯಾನನ್ನು ವಾಹನದಿಂದ ಕೆಳಗಿಳಿಸಿ ನೆಲದ ಮೇಲಿಡಬೇಕು, ತುಂಬಿ ಮುಗಿಯುವ ತನಕ ನಾಜಲ್ ತುದಿ ಕ್ಯಾನಿನ ಬಾಯಿಗೆ ತಾಗಿಕೊಂಡೇ ಇರಬೇಕು, ನಿಧಾನ ತುಂಬಬೇಕು. ಹುಡುಗರು ಅವಸರದಲ್ಲಿದ್ದರೂ ಇಷ್ಟನ್ನು ಕೇಳಿ ಮಾಡಿಸಿಕೊಳ್ಳುವುದರಲ್ಲಿ ಸಂಕೋಚ ಬೇಡ.

ಕಂಠಮಟ್ಟ ತುಂಬಲೂಬಾರದು. ಪೆಟ್ರೋಲು ಬಿಸಿಗೆ ಚೆನ್ನಾಗಿ ಹಿಗ್ಗುತ್ತದೆ. ನೆಲದಡಿಯ ಟ್ಯಾಂಕಿನಿಂದ ತಂಪಾಗಿ ಬಂದ 20 ಲೀಟರ್, ಬಿಸಿಲಿನಲ್ಲಿ 25 ಡಿಗ್ರಿ ಏರಿದರೆ ಅರ್ಧ ಲೀಟರಿನಷ್ಟು ಹೆಚ್ಚುತ್ತದೆ. ಹೆಚ್ಚಿದ್ದಕ್ಕೆ ಒಳಗೆ ಜಾಗವಿಲ್ಲದಿದ್ದರೆ ಅದು ಹೊರಗೆ ದಾರಿ ಹುಡುಕುತ್ತದೆ. ಇಪ್ಪತ್ತು ಲೀಟರಿನ ಕ್ಯಾನಿಗೆ ಹದಿನೆಂಟು, ಐದರದ್ದಕ್ಕೆ ನಾಲ್ಕೂವರೆ ಅಂತ ರೂಢಿ ಮಾಡಿಕೊಂಡರೆ ಒಳ್ಳೆಯದು.

ತೋಟದವರು: ತರುವಾಗ?

ಅಗ್ನಿಶಾಮಕದವರು: ನೆಟ್ಟಗೆ ನಿಲ್ಲಿಸಿ, ಅಲುಗದಂತೆ ಕಟ್ಟಿ, ಕಾರಿನಲ್ಲಾದರೆ ಕಿಟಕಿ ತೆರೆದು, ಸೀದಾ ಮನೆಗೆ. ಸಂತೆ, ಬ್ಯಾಂಕು, ಮದುವೆಮನೆಯ ಊಟ ಎಲ್ಲ ಮುಗಿಸಿಕೊಂಡು ಕೊನೆಗೆ ಬಂಕಿಗೆ ಹೋಗಬೇಕೇ ಹೊರತು, ತುಂಬಿದ ಕ್ಯಾನನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟು ಹೋಗಬಾರದು. ಬಸ್ಸಿನಲ್ಲಿ ತರುವಂತಿಲ್ಲ. ರೈಲಿನಲ್ಲಿ ಒಯ್ದರೆ 1989ರ ರೈಲ್ವೆ ಕಾಯ್ದೆಯ ಪ್ರಕಾರ ಮೂರು ವರ್ಷದ ತನಕ ಜೈಲು, ಸಾವಿರ ರೂಪಾಯಿ ತನಕ ದಂಡ, ಅಥವಾ ಎರಡೂ ಆಗಬಹುದು.

ತೋಟದವರು: ಇನ್ನು ಇಡುವ ಜಾಗ. ಹೆಚ್ಚಿನವರು ಅಟ್ಟದಲ್ಲೋ ಕೊಟ್ಟಿಗೆಯಲ್ಲೋ ಇಡುತ್ತಾರೆ, ಮಕ್ಕಳ ಕೈಗೆ ಸಿಗಬಾರದು ಅಂತ.

ಅಗ್ನಿಶಾಮಕದವರು: ಮಕ್ಕಳ ಕೈಗೆ ಸಿಗಬಾರದು ಅನ್ನುವುದು ಸರಿ, ಅಟ್ಟ ಸರಿಯಲ್ಲ. ಹಂಚಿನ, ಶೀಟಿನ ಕೆಳಗೆ ಮಧ್ಯಾಹ್ನದ ಕಾವು ಹೆಚ್ಚು. ಕ್ಯಾನು ಜಿನುಗಿದರೆ ಆವಿ ಇಡೀ ಮನೆಯ ಮೇಲೆ ಇಳಿಯುತ್ತದೆ, ಕೆಳಗೆ ದೇವರ ದೀಪ ಇರುತ್ತದೆ, ಅಡುಗೆ ಒಲೆ ಇರುತ್ತದೆ. ಕೊಟ್ಟಿಗೆಯಲ್ಲಿ ಒಣಹುಲ್ಲು ಇದೆ, ಕಟ್ಟಿಹಾಕಿದ ದನಗಳಿವೆ. ಬೆಂಕಿ ಬಿದ್ದರೆ ಅವು ಓಡಲಾರವು. ಮೆಟ್ಟಿಲಿನ ಕೆಳಗಿನ ಗೂಡಂತೂ ಎಲ್ಲಕ್ಕಿಂತ ಕೆಟ್ಟದ್ದು, ತಪ್ಪಿಸಿಕೊಂಡು ಹೊರಬರುವ ದಾರಿಯಲ್ಲೇ ಬೆಂಕಿ ಕೂತಿರುತ್ತದೆ.

ಮನೆಗೆ ಅಂಟಿಕೊಳ್ಳದ ಒಂದು ಸಣ್ಣ ಗೂಡು ಬೇಕು, ಇಟ್ಟಿಗೆಯದೋ ಜಂಬಿಟ್ಟಿಗೆಯದೋ, ಸಿಮೆಂಟಿನ ನೆಲದ್ದು. ಕಿಟಕಿ ಮೇಲಿದ್ದರೆ ಸಾಲದು. ಗಾಳಿಯ ಕಿಂಡಿ ನೆಲದ ಮಟ್ಟದಲ್ಲಿರಬೇಕು, ಏಕೆಂದರೆ ಆವಿ ಇರುವುದು ಅಲ್ಲಿ. ಮೇಲೊಂದು ಕಿಂಡಿ ಇದ್ದರೆ ಗಾಳಿ ಆಡುತ್ತದೆ. ಬೀಗ ಹಾಕಬೇಕು, ಆದರೆ ಗಾಳಿಯಾಡದಂತೆ ಮುಚ್ಚಬಾರದು. ಒಳಗೆ ವಿದ್ಯುತ್ ಸ್ವಿಚ್ಚು ಬೇಡ. ಸ್ವಿಚ್ಚು ಹಾಕಿದಾಗೆಲ್ಲ ಒಳಗೊಳಗೇ ಕಿಡಿಯಾಡುತ್ತದೆ. ಫ್ರಿಜ್ಜು, ಇನ್ವರ್ಟರ್, ಚಾರ್ಜಿಗೆ ಇಟ್ಟ ಬ್ಯಾಟರಿ ಯಾವುದೂ ಅದೇ ಕೋಣೆಯಲ್ಲಿ ಇರಕೂಡದು. ಬ್ಲೀಚಿಂಗ್ ಪುಡಿ, ಗೊಬ್ಬರದ ಚೀಲ, ಸುಣ್ಣಬಣ್ಣದ ಡಬ್ಬಗಳನ್ನು ಜೊತೆಗೆ ಪೇರಿಸಬಾರದು. ಬಚ್ಚಲು ಒಲೆಯಿಂದ ದೂರ, ಹುಲ್ಲಿನ ಬಣವೆಯಿಂದ ದೂರ. ಅಡಿಕೆ ಸುಗ್ಗಿಯಲ್ಲಿ ಅಂಗಳದಂಚಿಗೆ ಬೇಯಿಸುವ ದೊಡ್ಡ ಒಲೆ ಹೂಡುತ್ತಾರಲ್ಲ, ವರ್ಷವೆಲ್ಲ ಕ್ಷೇಮವಾಗಿದ್ದ ಜಾಗ ಆ ದಿನಗಳಲ್ಲಿ ಅಪಾಯದ್ದಾಗುವುದುಂಟು. ಒಲೆ ಹೂಡುವ ಮೊದಲೇ ಕ್ಯಾನು ಎಲ್ಲಿದೆ ಅಂತ ನೋಡಬೇಕು.

ತೋಟದವರು: ಬೈಕನ್ನೇ ರಾತ್ರಿ ಜಗಲಿಗೆ ಏರಿಸಿ ನಿಲ್ಲಿಸುತ್ತಾರಲ್ಲ, ಪೇಟೆಯಲ್ಲಿ ನಡುಮನೆಗೇ ತರುತ್ತಾರೆ. ಅದರ ಟ್ಯಾಂಕಿನಲ್ಲೂ ಪೆಟ್ರೋಲು ಇದೆಯಲ್ಲ?

ಅಗ್ನಿಶಾಮಕದವರು: ಹೆಚ್ಚಿನ ಮನೆಗಳಲ್ಲಿ ಇರುವ ಪೆಟ್ರೋಲು ಅದೊಂದೇ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೈಕಿನ ಟ್ಯಾಂಕು ಗಟ್ಟಿ, ಅದರ ಮಾತಿಲ್ಲ. ತೊಂದರೆ ರಬ್ಬರ್ ಪೈಪಿನದು, ಹಳೆಯ ಕಾರ್ಬ್ಯುರೇಟರಿನದು. ಪೈಪು ಬಿರುಕು ಬಿಟ್ಟರೆ, ಕಾರ್ಬ್ಯುರೇಟರು ತುಂಬಿ ಚೆಲ್ಲತೊಡಗಿದರೆ ರಾತ್ರಿಯಿಡೀ ಹನಿ ಹನಿ ಬಿದ್ದು ಮುಚ್ಚಿದ ಕೋಣೆಯಲ್ಲಿ ಆವಿ ನೆರೆಯುತ್ತದೆ. ಹಳೆಯ ಬೈಕುಗಳಲ್ಲಿ ಪೆಟ್ರೋಲ್ ಕಾಕ್ ಇದೆ, ನಿಲ್ಲಿಸಿದ ಕೂಡಲೇ ಅದನ್ನು ಬಂದ್ ಮಾಡಬೇಕು. ಬೆಳಗ್ಗೆ ಎದ್ದಾಗ ಮನೆಯಲ್ಲಿ ಪೆಟ್ರೋಲ್ ವಾಸನೆ ಬಂದರೆ ಲೈಟು ಹಾಕಬಾರದು, ದೀಪ ಹಚ್ಚಬಾರದು, ಗ್ಯಾಸು ಉರಿಸಬಾರದು. ಮನೆಯವರನ್ನೆಲ್ಲ ಹೊರಗೆ ಕಳಿಸಿ, ಬಾಗಿಲು ಕಿಟಕಿ ತೆರೆದು, ಬೈಕನ್ನು ಸ್ಟಾರ್ಟ್ ಮಾಡದೆ ತಳ್ಳಿಕೊಂಡು ಬಯಲಿಗೆ ತರಬೇಕು. ನಿಲ್ಲಿಸಲು ಹೊರಗೆ ಜಾಗವೇ ಇಲ್ಲದ ಮನೆಗಳೂ ಇವೆ, ನಿಜ. ಅಂಥಲ್ಲಿ ಅಡುಗೆಮನೆಯಿಂದ ಅತಿ ದೂರದ, ಹೊರಬಾಗಿಲಿಗೆ ಅಡ್ಡವಾಗದ ಮೂಲೆಯನ್ನು ಹುಡುಕಬೇಕು.

ತೋಟದವರು: ಯಂತ್ರಕ್ಕೆ ಹಾಕುವಾಗಿನ ಕ್ರಮ ಹೇಳಿ. ತೋಟದಲ್ಲಿ ಎಲ್ಲರೂ ನಿಂತಲ್ಲೇ, ಯಂತ್ರ ಬಿಸಿಯಿರುವಾಗಲೇ ಸುರಿಯುತ್ತಾರೆ.

ಅಗ್ನಿಶಾಮಕದವರು: ಅವಘಡ ಆಗುವುದು ಅಲ್ಲೇ. ಅರ್ಧ ಎಕರೆ ಹುಲ್ಲು ಹೊಡೆದ ವೀಡ್ ಕಟರ್‌ನ ಸೈಲೆನ್ಸರ್ ಕೈಯಿಟ್ಟರೆ ಚರ್ಮ ಕಿತ್ತುಬರುವಷ್ಟು ಕಾದಿರುತ್ತದೆ, ಪೆಟ್ರೋಲ್ ಟ್ಯಾಂಕು ಅದರಿಂದ ಗೇಣಿನ ದೂರದಲ್ಲೇ ಇರುತ್ತದೆ. ಬಂದ್ ಮಾಡಿ ಹತ್ತು ನಿಮಿಷವಾದರೂ ಆರಲು ಬಿಡಬೇಕು. ಕೆಲಸದವರು ಎಲೆಯಡಿಕೆ ಹಾಕಿಕೊಳ್ಳಲಿ, ನೀರು ಕುಡಿಯಲಿ. ಬೀಡಿ ಮಾತ್ರ ಆಗ ಬೇಡ. ಆಮೇಲೆ ಬೆನ್ನಿನಿಂದ ಇಳಿಸಿ, ನೆಲದ ಮೇಲಿಟ್ಟು, ಮುಚ್ಚಳವನ್ನು ಮೆಲ್ಲಗೆ ಸಡಿಲಿಸಿ ಒಳಗಿನ ಒತ್ತಡ ಬಿಟ್ಟು, ಆಲಿಕೆಯಿಟ್ಟು ಸುರಿಯಬೇಕು. ಚೆಲ್ಲಿದ್ದನ್ನು ಒರೆಸಿ, ಕ್ಯಾನಿನ ಮುಚ್ಚಳ ಬಿಗಿ ಮಾಡಿ, ಯಂತ್ರವನ್ನು ಅಲ್ಲಿಂದ ಕನಿಷ್ಠ ಮೂರು ಮೀಟರ್ ಆಚೆ ಒಯ್ದು ಸ್ಟಾರ್ಟ್ ಮಾಡಬೇಕು.

ಆಯಿಲ್ ಬೆರೆಸುವುದೂ ಕ್ಯಾನಿನಲ್ಲೇ, ಬಯಲಲ್ಲೇ. ಐವತ್ತಕ್ಕೆ ಒಂದು ಅಂದರೆ ಲೀಟರಿಗೆ 20 ಮಿಲಿ, ಇಪ್ಪತ್ತೈದಕ್ಕೆ ಒಂದು ಅಂದರೆ 40 ಮಿಲಿ. ಯಂತ್ರದ ಪುಸ್ತಕದಲ್ಲಿ ಯಾವುದು ಬರೆದಿದೆಯೋ ಅದು.

ಜನರೇಟರಿನದು ಇನ್ನೂ ಹೆಚ್ಚಿನ ಎಚ್ಚರ. ಕರೆಂಟು ಹೋಗಿದೆ, ಮನೆಯಲ್ಲಿ ಶುಭಕಾರ್ಯ ನಡೆಯುತ್ತಿದೆ, ನೆಂಟರು ತುಂಬಿದ್ದಾರೆ, ಆ ಗಡಿಬಿಡಿಯಲ್ಲಿ ಯಾರೋ ಓಡುತ್ತಿರುವ ಜನರೇಟರಿಗೇ ಮೊಬೈಲ್ ಟಾರ್ಚು ಹಿಡಿದು ಪೆಟ್ರೋಲ್ ಸುರಿಯುತ್ತಾರೆ. ಹತ್ತು ನಿಮಿಷ ಕತ್ತಲಾದರೆ ಯಾವ ಕಾರ್ಯವೂ ಕೆಡುವುದಿಲ್ಲ. ಜನರೇಟರಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಬಣ್ಣವಿಲ್ಲ, ವಾಸನೆಯಿಲ್ಲ, ಮುಚ್ಚಿದ ಜಾಗದಲ್ಲಿ ಮಲಗಿದವರನ್ನು ಮಲಗಿದ ಹಾಗೇ ಕೊಲ್ಲುತ್ತದೆ. ಆದ್ದರಿಂದ ಜನರೇಟರು ಮನೆಯ ಹೊರಗೆ, ಕಿಟಕಿಯಿಂದ ದೂರವೇ ಇರಬೇಕು.

ತೋಟದವರು: ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ತೆಗೆಯಲು ಪೈಪಿಗೆ ಬಾಯಿ ಹಾಕಿ ಎಳೆಯುವುದು ವಾಡಿಕೆ.

ಅಗ್ನಿಶಾಮಕದವರು: ಬಿಡಬೇಕಾದ ವಾಡಿಕೆ. ಗುಟುಕು ಹೊಟ್ಟೆಗೆ ಹೋಗುವುದಕ್ಕಿಂತ ಹನಿ ಶ್ವಾಸಕೋಶಕ್ಕೆ ಹೋಗುವುದು ಭಯಂಕರ. ಅತಿ ತೆಳುವಾದ ದ್ರವವಾದ್ದರಿಂದ ಒಳಗೆಲ್ಲ ಹರಡಿ ನ್ಯುಮೋನಿಯಾದಂಥ ಉರಿಯೂತ ತರುತ್ತದೆ. ಅದಕ್ಕೇ ಯಾರಾದರೂ ಪೆಟ್ರೋಲು ಕುಡಿದಿದ್ದರೆ ವಾಂತಿ ಮಾಡಿಸಲೇಬಾರದು. ಉಪ್ಪುನೀರು ಕುಡಿಸುವುದು, ಗಂಟಲಿಗೆ ಬೆರಳು ಹಾಕುವುದು ಬೇಡ. ವಾಂತಿಯಾಗುವಾಗ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಬಾಯಿ ತೊಳೆಸಿ ನೇರ ಆಸ್ಪತ್ರೆಗೆ ಒಯ್ಯಬೇಕು, ಮಗು ಆರಾಮವಾಗಿದೆ ಅಂತ ಕಂಡರೂ ಒಯ್ಯಬೇಕು, ಕೆಮ್ಮು ಏದುಸಿರು ಗಂಟೆಗಳ ನಂತರ ಶುರುವಾಗಬಹುದು. ಎಳೆಯಲು ಕೈಪಂಪು ಸಿಗುತ್ತದೆ, ಬೆಲೆಯೂ ಹೆಚ್ಚಿಲ್ಲ.

ತೋಟದವರು: ಇನ್ನು ಪೆಟ್ರೋಲಿನ ಇತರ ಉಪಯೋಗಗಳು. ಸೈಕಲ್ ಚೈನು ತೊಳೆಯಲು, ಕೈಗೆ ಮೆತ್ತಿದ ಪೇಂಟು ತೆಗೆಯಲು, ತಿಗಣೆಗೆ, ಕಣಜದ ಗೂಡಿಗೆ, ಹಸಿ ಕಸಕ್ಕೆ ಬೆಂಕಿ ಹಿಡಿಸಲು.

ಅಗ್ನಿಶಾಮಕದವರು: ಒಂದು ಕಾಲದಲ್ಲಿ ಇದನ್ನು ಔಷಧದಂಗಡಿಗಳಲ್ಲೇ ಮಾರುತ್ತಿದ್ದರು. 1888ರಲ್ಲಿ ಬೆರ್ತಾ ಬೆಂಜ್ ಗಂಡನ ಮೋಟಾರು ಗಾಡಿಯಲ್ಲಿ ಮೊದಲ ದೂರಪ್ರಯಾಣ ಮಾಡಿದಾಗ ದಾರಿಯಲ್ಲಿ ಇಂಧನ ಕೊಂಡದ್ದು ವೀಸ್ಲೋಕ್ ಎಂಬ ಊರಿನ ಔಷಧದಂಗಡಿಯಲ್ಲಿ. ಆಗ ಅದನ್ನು ಕಲೆ ತೆಗೆಯುವ ದ್ರವವೆಂದೇ ಇಟ್ಟಿರುತ್ತಿದ್ದರು. ಆ ಕಾಲ ಹೋಯಿತು. ಪೆಟ್ರೋಲಿನಲ್ಲಿ ಬೆಂಜೀನ್ ಇದೆ, ನಮ್ಮ ಬಿಎಸ್ ಆರನೆಯ ಹಂತದ ಪೆಟ್ರೋಲಿನಲ್ಲೂ ನೂರಕ್ಕೆ ಒಂದು ಪಾಲಿನ ತನಕ ಇರಬಹುದು. ರಕ್ತದ ಕ್ಯಾನ್ಸರ್ ತರುವ ವಸ್ತು ಅದು. ದಿನವೂ ಕೈ ಅದ್ದುವ ಗ್ಯಾರೇಜಿನ ಹುಡುಗರನ್ನು ನೆನೆದರೆ ಸಂಕಟವಾಗುತ್ತದೆ. ಪೇಂಟಿಗೆ ಕೊಬ್ಬರಿ ಎಣ್ಣೆ ಹಚ್ಚಿ ಸೋಪಿನಲ್ಲಿ ತೊಳೆದರೆ ನಡೆಯುತ್ತದೆ.

ಮಂಚದ ಸಂದಿಗೆ ಪೆಟ್ರೋಲು ಬಿಟ್ಟು ಅದೇ ಕೋಣೆಯಲ್ಲಿ ಸೊಳ್ಳೆಬತ್ತಿ ಹಚ್ಚುವುದು, ಕಣಜದ ಗೂಡಿಗೆ ಎರಚಿ ಸೂಡಿ ಹಿಡಿಯುವುದು, ಇವಕ್ಕೆಲ್ಲ ಕ್ಷೇಮದ ವಿಧಾನ ಅಂತ ಇಲ್ಲ. ಕಸದ್ದಂತೂ ಪದೇ ಪದೇ ನಡೆಯುವ ಅವಘಡ. ರೇಷನ್ ಸೀಮೆಎಣ್ಣೆ ಸಿಗುವುದು ಕಡಿಮೆಯಾದ ಮೇಲೆ ಒಲೆಗೂ ಕಸಕ್ಕೂ ಜನ ಪೆಟ್ರೋಲಿಗೆ ಕೈ ಹಾಕಿದರು. ತರಗೆಲೆಯ ರಾಶಿಗೆ ಸುರಿದು, ಕ್ಯಾನು ಪಕ್ಕಕ್ಕಿಟ್ಟು, ಜೇಬಿನಲ್ಲಿ ಬೆಂಕಿಪೊಟ್ಟಣ ಹುಡುಕಿ, ಬಗ್ಗಿ ಕಡ್ಡಿ ಗೀರುವ ಹೊತ್ತಿಗೆ ಅರ್ಧ ನಿಮಿಷ ಕಳೆದಿರುತ್ತದೆ. ಅಷ್ಟರಲ್ಲಿ ಆವಿ ರಾಶಿಯಿಂದ ಹರಿದು ಬಂದು ಕಡ್ಡಿ ಗೀರುವವರ ಕಾಲಸುತ್ತ ನಿಂತಿರುತ್ತದೆ. ಹೊತ್ತುವುದು ರಾಶಿಯಲ್ಲ, ಮನುಷ್ಯ. ಉರಿಯುತ್ತಿರುವುದರ ಮೇಲೆ ಮತ್ತಷ್ಟು ಸುರಿಯಹೋದರೆ ಜ್ವಾಲೆ ಧಾರೆಗುಂಟ ಕೈಯಲ್ಲಿರುವ ಕ್ಯಾನಿಗೇ ಏರುತ್ತದೆ.

ತೋಟದವರು: ನೆಲಕ್ಕೆ ಚೆಲ್ಲಿದರೆ ನೀರು ಹಾಕಿ ತೊಳೆದುಬಿಡಬಹುದೇ?

ಅಗ್ನಿಶಾಮಕದವರು: ಬೇಡ. ಪೆಟ್ರೋಲು ನೀರಿನ ಮೇಲೆ ತೇಲುತ್ತಾ ಇನ್ನಷ್ಟು ದೂರ ಹರಡುತ್ತದೆ. ಮೊದಲು ಹತ್ತಿರದ ಬೆಂಕಿಯೆಲ್ಲ ಆರಬೇಕು, ಜನ ದೂರ ಹೋಗಬೇಕು. ಒಣ ಮರಳೋ ಮಣ್ಣೋ ಸುರಿದು ಹೀರಿಸಿ, ಕಬ್ಬಿಣದ ಬದಲು ಪ್ಲಾಸ್ಟಿಕ್ ಮೊರದಲ್ಲಿ ಗೋರಿ, ಬೆಂಕಿ ಸುಳಿಯದ ಬಯಲಲ್ಲಿ ಹರಡಿದರೆ ಗಾಳಿಗೆ ಆರಿಹೋಗುತ್ತದೆ. ಬಾವಿಯ ಹತ್ತಿರ ಮಾತ್ರ ಹರಡಬಾರದು. ಒರೆಸಿದ ಬಟ್ಟೆಯನ್ನು ಮುದುರಿ ಮೂಲೆಗೆಸೆಯದೆ ಹೊರಗೆ ಹರವಿ ಒಣಗಿಸಬೇಕು. ಮೈಮೇಲಿನ ಬಟ್ಟೆಗೆ ಚೆಲ್ಲಿದ್ದರೆ ಆ ಕ್ಷಣವೇ ನೀರು ಸುರಿದುಕೊಂಡು ಬಟ್ಟೆ ಬದಲಿಸಬೇಕು, ಆಮೇಲೆ ಒಲೆಯ ಕಡೆ ಹೋಗಬೇಕು.

ತೋಟದವರು: ಬೆಂಕಿಯೇ ಹತ್ತಿದರೆ?

ಅಗ್ನಿಶಾಮಕದವರು: ಆಗಲೂ ನೀರು ಬೇಡ, ಅದೇ ಕಾರಣಕ್ಕೆ. ಬಕೆಟ್ಟಿನಷ್ಟು ಜಾಗದ ಬೆಂಕಿಯಾದರೆ ಮರಳು ಸುರಿಯಬಹುದು, ಒಣಪುಡಿಯ ಎಬಿಸಿ ನಂದಕವನ್ನು ಬೆಂಕಿಯ ಬುಡಕ್ಕೆ ಗುರಿಯಿಟ್ಟು ಬೀಸಬಹುದು. ಕ್ಯಾನಿನ ಬಾಯಲ್ಲಿ ಮಾತ್ರ ಉರಿ ಕಂಡರೂ ಕೈಯಲ್ಲಿ ಎತ್ತಿಕೊಂಡು ಓಡಬಾರದು. ಓಡುವಾಗ ತುಳುಕಿ ಹೊತ್ತವರೇ ಬೇಯುತ್ತಾರೆ. ಬಕೆಟ್ಟಿಗಿಂತ ದೊಡ್ಡದಾಗಿದ್ದರೆ ನಂದಿಸುವ ಸಾಹಸ ಬಿಟ್ಟು ಎಲ್ಲರನ್ನೂ ಹೊರಗೆ ತಂದು 112ಕ್ಕೋ 101ಕ್ಕೋ ಕರೆ ಮಾಡಬೇಕು.

ಬಟ್ಟೆಗೆ ಹತ್ತಿದರೆ ಓಡಬಾರದು. ನೆಲಕ್ಕೆ ಬಿದ್ದು ಉರುಳಬೇಕು, ಪಕ್ಕದಲ್ಲಿದ್ದವರು ದಪ್ಪ ಹತ್ತಿಯ ಜಮಖಾನೆಯೋ ಕಂಬಳಿಯೋ ಹೊದೆಸಬೇಕು. ಬೆಂಕಿ ಆರಿದ ಮೇಲೆ ಸುಟ್ಟ ಜಾಗಕ್ಕೆ ಹರಿಯುವ ತಣ್ಣೀರು, ಇಪ್ಪತ್ತು ನಿಮಿಷ. ಚರ್ಮಕ್ಕೆ ಅಂಟಿದ ಬಟ್ಟೆ ಕೀಳಬಾರದು. ಟೂತ್‌ಪೇಸ್ಟು, ಶಾಯಿ, ಎಣ್ಣೆ, ಅರಿಸಿನ ಯಾವುದನ್ನೂ ಹಚ್ಚಬಾರದು, ಆಸ್ಪತ್ರೆಯಲ್ಲಿ ಅದನ್ನು ತೆಗೆಯುವ ನೋವು ಸುಟ್ಟ ನೋವಿನ ಮೇಲೆ ಬೀಳುತ್ತದೆ. ಒಗೆದ ಬಟ್ಟೆ ಸಡಿಲವಾಗಿ ಮುಚ್ಚಿ 108 ಕರೆಸಬೇಕು.

ತೋಟದವರು: ಮಳೆಗಾಲದಲ್ಲಿ ತಂದದ್ದು ಬೇಸಿಗೆಗೆ ಕೆಡುತ್ತದೆಯೇ?

ಅಗ್ನಿಶಾಮಕದವರು: ಕೆಡುತ್ತದೆ, ಈಗ ಮೊದಲಿಗಿಂತ ಬೇಗ. ಬಂಕಿನ ಪೆಟ್ರೋಲಿನಲ್ಲಿ ಈಗ ನೂರಕ್ಕೆ ಇಪ್ಪತ್ತರ ತನಕ ಎಥನಾಲ್ ಬೆರೆತಿರುತ್ತದೆ. ಎಥನಾಲ್ ಗಾಳಿಯ ತೇವ ಹೀರುತ್ತದೆ. ನೀರು ಒಂದು ಮಿತಿ ಮೀರಿದರೆ ಎಥನಾಲೂ ನೀರೂ ಒಂದಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಕೂರುತ್ತವೆ. ಯಂತ್ರ ಮೊದಲು ಎಳೆಯುವುದು ಆ ತಳದ್ದನ್ನೇ. ಜೂನ್‌ನಿಂದ ಸೆಪ್ಟೆಂಬರ್ ತನಕ ಒಗೆದ ಬಟ್ಟೆಯೂ ಒಣಗದ ಮಲೆನಾಡಿನಲ್ಲಿ ಇದು ಸಣ್ಣ ವಿಷಯವಲ್ಲ. ಸಣ್ಣ ಇಂಜಿನುಗಳ ತಯಾರಕರು ಸಾಮಾನ್ಯವಾಗಿ 30 ದಿನದೊಳಗೆ ಬಳಸಿ ಅನ್ನುತ್ತಾರೆ. ಕ್ಯಾನಿನ ಮೇಲೆ ತಂದ ತಾರೀಕು ಬರೆದಿಟ್ಟರೆ ಜಗಳವೇ ಇಲ್ಲ. ಹಂಗಾಮು ಮುಗಿದಾಗ ಯಂತ್ರದ ಟ್ಯಾಂಕು ಖಾಲಿ ಮಾಡಿ, ತಾನಾಗಿ ನಿಲ್ಲುವ ತನಕ ಓಡಿಸಿ ಇಟ್ಟರೆ ಕಾರ್ಬ್ಯುರೇಟರಿನಲ್ಲಿ ಅಂಟು ಕಟ್ಟುವುದಿಲ್ಲ.

ತೋಟದವರು: ಹಳತಾದದ್ದನ್ನು ಏನು ಮಾಡುವುದು? ಚರಂಡಿಗೆ ಬಿಡುತ್ತಾರೆ ಕೆಲವರು.

ಅಗ್ನಿಶಾಮಕದವರು: ಮಾರಾಯ್ರೇ, ಅದೊಂದು ಬೇಡ. 1992ರ ಏಪ್ರಿಲ್ 22ರಂದು ಮೆಕ್ಸಿಕೋದ ಗ್ವಾಡಲಹಾರಾ ನಗರದಲ್ಲಿ ನೆಲದಡಿಯ ಕೊಳವೆಯಿಂದ ಸೋರಿದ ಪೆಟ್ರೋಲು ಒಳಚರಂಡಿ ಸೇರಿ, ಆವಿ ತುಂಬಿ, ಕಿಲೋಮೀಟರ್‌ಗಟ್ಟಲೆ ಬೀದಿಗಳು ಸರಣಿಯಾಗಿ ಸಿಡಿದವು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ದಿನಗಳ ಮೊದಲೇ ಚರಂಡಿಯಿಂದ ವಾಸನೆ ಬರುತ್ತಿದೆ ಅಂತ ಜನ ದೂರಿದ್ದರು. ಅಲ್ಲಿ ಸೋರಿದ್ದರ ಪ್ರಮಾಣ ಬೇರೆ, ನಿಜ. ಆದರೆ ಮನೆಯ ಚರಂಡಿಯ ಕೊಳವೆಯಲ್ಲಿ ಒಂದು ಲೀಟರ್ ಮಾಡುವುದೂ ಅದನ್ನೇ, ಸಣ್ಣ ಪ್ರಮಾಣದಲ್ಲಿ. ಮಣ್ಣಿಗೆ ಸುರಿದರೆ ಬಾವಿಯ ನೀರಿಗೆ ಇಳಿಯುತ್ತದೆ.

ಒಂದೆರಡು ತಿಂಗಳಷ್ಟೇ ಹಳೆಯದಾಗಿ, ತಿಳಿಯಾಗಿದ್ದು, ಆಯಿಲ್ ಬೆರೆಸದಿದ್ದರೆ ವಾಹನದ ಟ್ಯಾಂಕಿನಲ್ಲಿ ಹೊಸ ಪೆಟ್ರೋಲಿಗೆ ಸ್ವಲ್ಪ ಸ್ವಲ್ಪವೇ ಬೆರೆಸಿ ಮುಗಿಸಬಹುದು. ಬಣ್ಣ ಕಂದಾಗಿದ್ದರೆ, ಹುಳಿ ವಾಸನೆ ಬಂದರೆ, ತಳದಲ್ಲಿ ನೀರಿನ ಪದರ ಕಂಡರೆ ಇಂಜಿನಿಗೆ ಹಾಕಬಾರದು. ಹಳೆ ಆಯಿಲ್ ಕೂಡಿಟ್ಟು ಅಧಿಕೃತ ಸಂಗ್ರಹಕ್ಕೆ ಕೊಡುವ ಗ್ಯಾರೇಜುಗಳಲ್ಲಿ ವಿಚಾರಿಸಿ, ಗುರುತು ಹಾಕಿದ ಮುಚ್ಚಿದ ಕ್ಯಾನಿನಲ್ಲೇ ಒಪ್ಪಿಸಬೇಕು.

ತೋಟದವರು: ಆಗ ಕ್ಯಾನು ಖಾಲಿಯಾಯಿತು. ಖಾಲಿ ಕ್ಯಾನಿಗೆ ಏನೂ ಭಯವಿಲ್ಲವಲ್ಲ?

ಅಗ್ನಿಶಾಮಕದವರು: ಖಾಲಿಯಾದಾಗಲೇ ಹೆಚ್ಚು. ತುಂಬಿದ ಕ್ಯಾನಿನೊಳಗೆ ಆವಿ ಎಷ್ಟು ದಟ್ಟವೆಂದರೆ ಹೊತ್ತಲು ಬೇಕಾದ ಗಾಳಿಯೇ ಇರುವುದಿಲ್ಲ. ಪೆಟ್ರೋಲು ಬಸಿದುಹೋಗಿ ಗಾಳಿ ಒಳನುಗ್ಗಿದ ಮೇಲೆ, ತಳದಲ್ಲಿ ಉಳಿದ ಎರಡು ಚಮಚದ ಆವಿ ಆ ಗಾಳಿಯೊಂದಿಗೆ ಸರಿಯಾದ ಹದಕ್ಕೆ ಬೆರೆಯುತ್ತದೆ. ಹಳೆಯ ಕ್ಯಾನಿಗೆ ಬೆಸುಗೆ ಹಾಕಿಸಲು ಹೋದಾಗ, ಡ್ರಮ್ಮನ್ನು ಕತ್ತರಿಸಿ ಹಂಡೆ ಮಾಡಹೋದಾಗ ಸಿಡಿದು ಸಾಯುವುದು ಇದರಿಂದಲೇ. ನೀರಿನಲ್ಲಿ ಒಮ್ಮೆ ಕುಲುಕಿದರೆ ಆವಿ ಹೋಗುವುದಿಲ್ಲ. ಹಾಗಾಗಿ ಖಾಲಿ ಕ್ಯಾನನ್ನೂ ಮುಚ್ಚಳ ಬಿಗಿ ಮಾಡಿ ಅದೇ ಗೂಡಿನಲ್ಲಿ ಇಡಬೇಕು, ಬೇರೆ ಯಾವ ಕೆಲಸಕ್ಕೂ ಬಳಸಬಾರದು. ಗುಜರಿಗೆ ಹಾಕುವುದಾದರೆ ಮುಚ್ಚಳ ತೆಗೆದು ಬೆಂಕಿ ಸುಳಿಯದ ಬಯಲಲ್ಲಿ ಹಲವು ದಿನ ಬೋರಲು ಹಾಕಿಟ್ಟು, ಇದರಲ್ಲಿ ಪೆಟ್ರೋಲ್ ಇತ್ತು ಅಂತ ಗುಜರಿಯವರಿಗೆ ಬಾಯಿಬಿಟ್ಟು ಹೇಳಿ ಕೊಡಬೇಕು. ಅವರ ಕೈಯಲ್ಲಿ ಗ್ಯಾಸ್ ಕಟರ್ ಇರುತ್ತದೆ.